ಮರುಳಪ್ಪ ಮೇಷ್ಟ್ರ ಸಂಧಿ ಪೆಟ್ಟಿಗೆ

"ನೋಡ್ತಾ ಇರು ಅಶ್ವತ್ಥ, ಇನ್ಮೇಲೆ ನಮ್ಮಿಬ್ಬರ ಜಗಳ ಬಂದ್!"

ಮರುಳಪ್ಪ ಮೇಷ್ಟ್ರು ಎದೆಯುಬ್ಬಿಸಿ ಪೆಟ್ಟಿಗೆಯ ಗುಂಡಿ ಒತ್ತಿದರು. ಮೂರು ದೀಪ ಹತ್ತಿದವು: ಲೋಪ, ಆಗಮ, ಆದೇಶ. ಸರ್ವೀಸಿನುದ್ದಕ್ಕೂ ಹೈಸ್ಕೂಲಿನಲ್ಲಿ ಕನ್ನಡ ವ್ಯಾಕರಣ ಅರೆದು ಕುಡಿಸಿದವರು ಯಂತ್ರ ಮಾಡಲು ಹೊರಟರೆ ಇನ್ನೇನಾಗುತ್ತದೆ ಹೇಳಿ!

ವಿಷಯ ಇಷ್ಟೇ. ಶಿಕ್ಷಕರ ಬಡಾವಣೆಯ ನೀರಿನ ಟ್ಯಾಂಕಿಗೆ ಒಂದು ಪ್ರೋಗ್ರಾಂ ಇತ್ತು. ಯಾವ ಅಡ್ಡರಸ್ತೆಗೆ ನೀರು ಎಂದು ಮೈಕಿನಲ್ಲಿ ಕೂಗಿ ವಾಲ್ವು ತೆಗೆಯುವುದು ಅದರ ಕೆಲಸ. ಬರೆದವರು ಮೇಷ್ಟ್ರು ಮತ್ತು ಅವರ ಗೆಳೆಯ, ಗಣಿತದ ಅಶ್ವತ್ಥನಾರಾಯಣ; ಇಬ್ಬರೂ ನಿವೃತ್ತರು. ಇಬ್ಬರ ಮನೆಯಲ್ಲೂ ಅದರ ಪ್ರತಿ. ಒಬ್ಬರು ತಿದ್ದಿದ್ದು ಇನ್ನೊಬ್ಬರದಕ್ಕೆ ತಾನಾಗಿ ಸೇರಿಕೊಳ್ಳುತ್ತಿತ್ತು. ಒಂದೇ ಸಾಲಿಗೆ ಇಬ್ಬರೂ ಕೈ ಹಾಕಿದರೆ ಮಾತ್ರ ಕಂಪ್ಯೂಟರು 'ಕಾನ್‌ಫ್ಲಿಕ್ಟ್' ಎಂದು ಮುಷ್ಕರ ಹೂಡುತ್ತಿತ್ತು. ಆಗ ಅಶ್ವತ್ಥ ಚಪ್ಪಲಿ ಮೆಟ್ಟಿಕೊಂಡು ಬರಬೇಕು, ಕಾಫಿಯಾಗಬೇಕು, ಗಂಟಲು ಹರಿಯುವಂತೆ ಕಿತ್ತಾಡಿ ಯಾವುದೋ ಒಂದು ಸಾಲು ಉಳಿಸಬೇಕು. ಇನ್ನು ಮುಂದೆ ಆ ಎರಡೂ ಸಾಲುಗಳನ್ನು ಸಂಧಿ ಮಾಡಿ ಒಂದಾಗಿಸುವುದು ಈ ಪೆಟ್ಟಿಗೆಯ ಕೆಲಸ.

ಅಂದು ಮೇಷ್ಟ್ರ ಸಾಲು 'ನೀರು ಬಂತು'. ಅಶ್ವತ್ಥನದು 'ನೀರು ಬಿಟ್ಟಿದ್ದಾರೆ'.

"ನೀರೇನು ಕಾಲಿದ್ದು ಬರುತ್ತಾ? ಬಿಟ್ಟರೆ ಬರುತ್ತೆ!" ಎಂದ ಅಶ್ವತ್ಥ.

"ಬಾಯಿ ಮುಚ್ಕೊಂಡು ಕೇಳಯ್ಯ!"

ಪೆಟ್ಟಿಗೆ ಕೆಮ್ಮಿತು. ಟ್ಯಾಂಕಿನ ಮೇಲಿನ ಮೈಕು ಕೂಗಿತು: "ನೀರು ಬಂದುಬಿಟ್ಟಿದೆ!"

ಮೇಷ್ಟ್ರು ಕುಣಿಯುವುದೊಂದು ಬಾಕಿ! ಅಶ್ವತ್ಥ ಮಾತ್ರ ಕಾಫಿ ಲೋಟ ಕೆಳಗಿಟ್ಟ.

"ಹಾಗಾದ್ರೆ ನಾನು ಬರೋದು ಬೇಡ ಅನ್ನು."

"ಬೇಡವೇ ಬೇಡ! ಮನೇಲಿ ಆರಾಮಾಗಿ ಕೂತಿರು!"

ಅಶ್ವತ್ಥ ಹೋದ. ಮತ್ತೆ ಬರಲಿಲ್ಲ. ಅವನೂ ಹಟಮಾರಿಯೇ.

ಹೆಂಡತಿ ತೀರಿಕೊಂಡ ಮೇಲೆ ಮೇಷ್ಟ್ರ ಮನೆಯಲ್ಲಿ ಇನ್ನೊಂದು ದನಿ ಕೇಳುತ್ತಿದ್ದುದು ಆ ಕಾನ್‌ಫ್ಲಿಕ್ಟಿನ ದಿನಗಳಲ್ಲಿ ಮಾತ್ರ. ಅದು ಅವರಿಗೆ ಈಗ ಹೊಳೆಯಿತು. ಅಭ್ಯಾಸಬಲದಿಂದ ಇಬ್ಬರಿಗೆ ಕಾಫಿ ಬೆರೆಸುವುದು, ಎರಡೂ ತಾವೇ ಕುಡಿಯುವುದು, ರಾತ್ರಿಯೆಲ್ಲ ನಿದ್ದೆಯಿಲ್ಲದೆ ಹೊರಳಾಡುವುದು. ಪೆಟ್ಟಿಗೆಯ ಸ್ವಿಚ್ಚು ಆರಿಸಿದ್ದರೆ ಮುಗಿಯುತ್ತಿತ್ತು. ಆದರೆ ಮರ್ಯಾದೆ ಎನ್ನುವುದೊಂದು ಇದೆಯಲ್ಲ!

ಪೆಟ್ಟಿಗೆಗೇ ತಲೆಕೆಡುವಂಥ ಜಗಳ ಹಚ್ಚಿದರೆ ಅಶ್ವತ್ಥ ಬರಲೇಬೇಕು ಎಂದು ಮೇಷ್ಟ್ರು ಲೆಕ್ಕ ಹಾಕಿದರು. ಅವನು 'ನಾಳೆ ನೀರು' ಎಂದು ಬರೆದದ್ದನ್ನು ಕಂಡು ಬೇಕೆಂದೇ 'ಈಗ ನೀರು' ಎಂದು ತಿದ್ದಿದರು.

"ಈಗ ನಾಳೆ ನೀರು!" ಎಂದು ಮೈಕು ಕೂಗಿತು. ಬಿಂದಿಗೆ ಹಿಡಿದು ಓಡಿಬಂದ ಹೆಂಗಸರು ನಲ್ಲಿಯ ಮುಂದೆ ಕಣ್ಕಣ್ಣು ಬಿಟ್ಟರು.

ಮರುದಿನ ಮೇಷ್ಟ್ರು ಒಂದನೇ ಅಡ್ಡರಸ್ತೆ ಎಂದರು, ಅಶ್ವತ್ಥ ಮೂರನೆಯದು ಎಂದ. ಪೆಟ್ಟಿಗೆ ಯಾರ ಮನಸ್ಸೂ ನೋಯಬಾರದೆಂದು ನಡುವಿನ ಎರಡನೇ ಅಡ್ಡರಸ್ತೆಗೆ ನೀರು ಹರಿಸಿತು. ಅಲ್ಲಿ ಮನೆಗಳೇ ಇಲ್ಲ, ಖಾಲಿ ಸೈಟು! ಎಮ್ಮೆಗಳು ಸಂಜೆಯವರೆಗೂ ಕೆಸರಿನಲ್ಲಿ ಬಿದ್ದು ಹೊರಳಾಡಿದವು.

"ಮೇಷ್ಟ್ರೇ, ನಮಗೆ ಕುಡಿಯಕ್ಕೆ ನೀರಿಲ್ಲ, ಎಮ್ಮೆಗೆ ಸ್ನಾನ ಮಾಡಿಸ್ತಿದೀರಲ್ಲ! ಬುದ್ಧಿ ನೆಟ್ಟಗಿದೆಯಾ?" ಎಂದು ಮೂರನೇ ಅಡ್ಡರಸ್ತೆಯ ಸರೋಜಮ್ಮ ಗೇಟಿನಲ್ಲೇ ನಿಂತು ಉಗಿದು ಹೋದರು. ಮೇಷ್ಟ್ರಿಗೆ ಒಳಗೊಳಗೇ ಖುಷಿ. ಬೈಯಲಾದರೂ ಒಬ್ಬರು ಬಂದರಲ್ಲ!

ಅಶ್ವತ್ಥ ಮಾತ್ರ ಬರಲಿಲ್ಲ.

ಕೊನೆಗೆ ಮಾನ ಮರ್ಯಾದೆಯನ್ನೆಲ್ಲ ಗಾಳಿಗೆ ತೂರಿ, ಒಂದು ಸಂಜೆ ಮೇಷ್ಟ್ರು ಮೈಕಿನ ಸಾಲಿನಲ್ಲೇ ಬರೆದುಬಿಟ್ಟರು: 'ಅಶ್ವತ್ಥ, ಒಬ್ಬನೇ ಕೂತು ಸಾಕಾಗಿದೆ, ಬಾರೋ.'

ಲೋಪದ ದೀಪ ಹತ್ತಿತು. ಏನು! ಅಶ್ವತ್ಥನೂ ಇದೇ ಸಾಲಿಗೆ ಕೈ ಹಾಕಿದ್ದಾನೆಯೇ? ಮೇಷ್ಟ್ರು ಕನ್ನಡಕ ಸರಿಮಾಡಿಕೊಂಡು ಪರದೆ ನೋಡಿದರು. ಅವನು ಬರೆದದ್ದು: 'ಮರುಳಪ್ಪ, ಒಬ್ಬನೇ ಕೂತು ಸಾಕಾಗಿದೆ, ಬಾರೋ.'

ಅಕ್ಷರಕ್ಷರ ಒಂದೇ! ಹೆಸರಿನಲ್ಲಷ್ಟೇ ತಕರಾರು. ಅದನ್ನೂ ಪೆಟ್ಟಿಗೆ ಬಿಡಲಿಲ್ಲ. ಇಡೀ ಬಡಾವಣೆಗೆ ಕೇಳುವಂತೆ ಮೈಕು ಒದರಿತು: "ಮರುಳಪ್ಪಶ್ವತ್ಥ, ಒಬ್ಬನೇ ಕೂತು ಸಾಕಾಗಿದೆ, ಬಾರೋ!"

ಮೇಷ್ಟ್ರಿಗೆ ಅಳು ಬಂತು, ನಗುವೂ ಬಂತು. ಮೊಬೈಲು ಮೇಜಿನ ಮೇಲೇ ಬಿಟ್ಟು, ಬಾಗಿಲಿಗೆ ಬೀಗ ಜಡಿದು, ಒಂದನೇ ಅಡ್ಡರಸ್ತೆಯಲ್ಲಿ ಹೆಚ್ಚುಕಡಿಮೆ ಓಡಿದರು. ಅಶ್ವತ್ಥನ ಮನೆ ತಲುಪಿ ನೋಡಿದರೆ ಅಲ್ಲಿಯೂ ಬೀಗ! ಮೆಟ್ಟಿಲ ಮೇಲೆ ಕುಸಿದು ಕೂತರು.

"ಅವ್ರು ನಿಮ್ಮನೆ ಜಗುಲಿ ಮೇಲೆ ಕೂತವ್ರೆ ಮೇಷ್ಟ್ರೇ. ಮೂರನೇ ಅಡ್ಡರಸ್ತೆ ಹಿಡ್ಕಂಡು ಓಡಿದ್ರು," ಎಂದರು ಅತ್ತ ಕಡೆಯಿಂದ ಬಂದ ಸರೋಜಮ್ಮ.

ಮೇಷ್ಟ್ರು ದಡಬಡ ಎದ್ದರು.

"ಅಯ್ಯೋ, ಕೂತ್ಕಳಿ! ಮತ್ತೆ ಇಬ್ರೂ ದಾರಿ ತಪ್ಪಿಸ್ಕಂಡು ಓಡಾಡ್ಬೇಡಿ. ಅಲ್ಲಾಡದೆ ಇಲ್ಲೇ ಇರಿ, ಅವ್ರೇ ಬರ್ತಾರೆ."

ಒಳ್ಳೆಯ ಮಾತು. ಮೇಷ್ಟ್ರು ಗೆಳೆಯನ ಮೆಟ್ಟಿಲ ಮೇಲೆ ಮತ್ತೆ ಕೂತರು. ಹೇಳಬೇಕಾದ ಬೈಗುಳಗಳನ್ನೆಲ್ಲ ಮನಸ್ಸಿನಲ್ಲೇ ಜೋಡಿಸಿಕೊಂಡರು. ಹೊತ್ತು ಮುಳುಗಿತು. ಅತ್ತ ಜಗುಲಿಯ ಮೇಲೆ ಕೂತ ಅಶ್ವತ್ಥನಿಗೂ ಸರೋಜಮ್ಮ ಇದೇ ಮಾತು ಹೇಳಿ ಬಂದಿದ್ದರೆಂದು ಅವರಿಗೇನು ಗೊತ್ತು?

ಮೈಕು ಮಾತ್ರ ಬಿಡದೆ ಮರುಳಪ್ಪಶ್ವತ್ಥನನ್ನು ಕರೆಯುತ್ತಲೇ ಇತ್ತು. ಬಡಾವಣೆಯಲ್ಲಿ ಆ ಹೆಸರಿನವರು ಯಾರೂ ಇಲ್ಲ, ಪಾಪ.