ಫ್ಲೆಕ್ಸಿನ ಮೇಲಿನ ಸಾಲು

ಯಲ್ದೂರಿನ ನಂದೀಶನ ವಂಶದಲ್ಲಿ ಸುದ್ದಿ ಎಂದರೆ ಫ್ಲೆಕ್ಸು. ಮಗು ಹುಟ್ಟಲಿ, ಹೊಸ ಟ್ರ್ಯಾಕ್ಟರ್ ಬರಲಿ, ಹುಡುಗ ಡಿಪ್ಲೊಮಾ ಪಾಸಾಗಲಿ, ಬಸ್ ಸ್ಟ್ಯಾಂಡಿನ ಪಕ್ಕ ಎರಡು ಬೊಂಬುಗಳ ನಡುವೆ ಹತ್ತಡಿ ಫ್ಲೆಕ್ಸು ಏಳಲೇಬೇಕು. ಅದರಲ್ಲಿ ನೆಂಟರ ಮುಖಗಳೆಲ್ಲ ಇರಬೇಕು. ಮುಖ ಬಿಟ್ಟುಹೋದವರು ಊಟಕ್ಕೆ ಬರುವುದಿಲ್ಲ. ಮುಖ ಚಿಕ್ಕದಾದವರು ಬರುತ್ತಾರೆ, ಆದರೆ ಎಲೆಯ ಮುಂದೆ ಕೂತು ಏಳುವವರೆಗೂ ಅದೊಂದೇ ಮಾತಾಡುತ್ತಾರೆ.

ಈ ಸಲದ ಸುದ್ದಿ, ನಂದೀಶನ ಮಗಳು ಹಂಸಿಕಾಳಿಗೆ ಕಿವಿ ಚುಚ್ಚುವುದು. ಮಗು ಕೂರಬೇಕಾದದ್ದು ಸೋದರಮಾವನ ತೊಡೆಯ ಮೇಲೆ. ಆ ಸೋದರಮಾವ, ಅಂದರೆ ಹೆಂಡತಿ ಅನಿತಳ ದೊಡ್ಡಣ್ಣ ಕೋದಂಡರಾಮಪ್ಪ, ಗೌನಿಪಲ್ಲಿ ಕಡೆಯ ಒಂದು ಹಳ್ಳಿಯಲ್ಲಿ ಹದಿನೈದು ವರ್ಷ ಹಾಲಿನ ಡೇರಿಗೆ ಅಧ್ಯಕ್ಷರಾಗಿದ್ದವರು. ಅಧಿಕಾರ ಹೋಗಿ ಎರಡು ವರ್ಷವಾದರೂ ಗತ್ತು ಮಾತ್ರ ಇನ್ನೂ ಇಳಿದಿರಲಿಲ್ಲ. ಹಂಸಿಕಾಳ ನಾಮಕರಣದ ಫ್ಲೆಕ್ಸಿನಲ್ಲಿ ಅವರ ಮುಖ ಎರಡು ರೂಪಾಯಿ ನಾಣ್ಯದಷ್ಟಿತ್ತು. ಅದನ್ನು ಅವರು ಮರೆತಿರಲಿಲ್ಲ.

"ನೋಡಪ್ಪ ನಂದೀಶ, ಈ ಸಲ ನನ್ನ ಫೋಟೋ ಮೇಲ್ಗಡೆ ಬರ್ಬೇಕು. ನಿಮ್ಮಪ್ಪನ ಫೋಟೋ ಪಕ್ಕದಲ್ಲಿ, ಅಷ್ಟೇ ಸೈಜಲ್ಲಿ. ಇಲ್ಲಾಂದ್ರೆ ತೊಡೆಗೆ ಬೇರೆ ಯಾರ್ನಾದ್ರೂ ನೋಡ್ಕೊ," ಎಂದು ಫೋನಿನಲ್ಲೇ ತೀರ್ಪು ಕೊಟ್ಟು, ತಾವೇ ಆರಿಸಿದ ಫೋಟೋವನ್ನು ಮಗನ ಕೈಲಿ ಕಳಿಸಿದರು. ಡೇರಿಯವರು ಸನ್ಮಾನ ಮಾಡಿದಾಗ ತೆಗೆದದ್ದು. ತಲೆಗೆ ಪೇಟ, ಕೊರಳಿಗೆ ದಪ್ಪನೆಯ ಗಂಧದ ಹಾರ. ಫ್ಲ್ಯಾಶ್ ಹೊಡೆದ ಕ್ಷಣಕ್ಕೆ ಸರಿಯಾಗಿ ಕಣ್ಣು ಮುಚ್ಚಿಹೋಗಿತ್ತು. ಅದು ಧ್ಯಾನದ ಹಾಗೆ ಕಾಣುತ್ತದೆಂಬುದು ಅವರ ಅಭಿಪ್ರಾಯ.

ಅನಿತ ಅತ್ತ ಇನ್ನೊಂದು ಗಂಟು ಬಿಗಿದಿದ್ದಳು. "ನಮ್ಮಣ್ಣ ಮುನಿಸ್ಕೊಂಡು ತೊಡೆ ಕೊಡ್ಲಿಲ್ಲ ಅಂದ್ರೆ, ಮಗೀನ ಎತ್ಕೊಂಡು ನಾನೂ ಗೌನಿಪಲ್ಲಿ ಬಸ್ ಹತ್ತೀನಿ ಕಣ್ರೀ. ಆಮೇಲೆ ನೀವೂ ನಿಮ್ ಫ್ಲೆಕ್ಸೂ ಇಲ್ಲೇ ಸಂಸಾರ ಮಾಡ್ಕೊಂಡಿರಿ."

ನಂದೀಶ ಶ್ರೀನಿವಾಸಪುರಕ್ಕೆ ಹೋಗಿ, ಫ್ಲೆಕ್ಸ್ ಅಂಗಡಿಯ ಕದಿರೇಶನಿಗೆ ಇಪ್ಪತ್ತೆಂಟು ಫೋಟೋ ಕೊಟ್ಟು, ಬಾವನ ಜಾಗವನ್ನು ಎರಡೆರಡು ಸಲ ಹೇಳಿ ಬಂದ. ಮಾದರಿ ಫೋನಿಗೆ ಬಂದಾಗ ಅವನು ನರಸಾಪುರದ ಫ್ಯಾಕ್ಟರಿಯಲ್ಲಿ ಟೀ ಬ್ರೇಕಿನಲ್ಲಿದ್ದ. ಇದ್ದದ್ದು ಹತ್ತು ನಿಮಿಷ, ಫೋನಿನ ಗಾಜು ಬೇರೆ ಒಡೆದಿತ್ತು. ಯಾರ ತಲೆಯೂ ಬಿಟ್ಟುಹೋಗಬಾರದೆಂದು ಮೂರು ಸಲ ಎಣಿಸಿದ. ಮೂರು ಸಲವೂ ಇಪ್ಪತ್ತೆಂಟೇ ಬಂತು. ನಿಶ್ಚಿಂತೆಯಿಂದ ಓಕೆ ಎಂದು ಹೆಬ್ಬೆಟ್ಟೆತ್ತಿದ ಚಿತ್ರ ಕಳಿಸಿ ಕೆಲಸಕ್ಕೆ ಹೋದ. ತಲೆ ಎಣಿಸುವ ಭರದಲ್ಲಿ ತಲೆಗಳ ಅಕ್ಕಪಕ್ಕ ಏನಿದೆ ಎಂದು ನೋಡಲಿಲ್ಲ ಪುಣ್ಯಾತ್ಮ.

ಕಿವಿ ಚುಚ್ಚುವ ದಿನ ಬೆಳಗ್ಗೆ ಆರೂವರೆಗೆ ಫ್ಲೆಕ್ಸು ಮೇಲೆದ್ದಿತು. ಏಳು ಗಂಟೆಗೆ ಯಾರೋ ಅದರ ಫೋಟೋ ತೆಗೆದು ನೂರಾ ಅರವತ್ತು ಜನರಿರುವ ಕುಟುಂಬದ ವಾಟ್ಸಾಪ್ ಗ್ರೂಪಿಗೆ ಹಾಕಿದರು. ಏಳೂ ಹತ್ತಕ್ಕೆ ಮುಳಬಾಗಿಲಿನ ಶ್ಯಾಮಲಮ್ಮ ಚಿಕ್ಕಮ್ಮನ ಧ್ವನಿ ಅಳುತ್ತಾ ಬಂತು.

"ಅಯ್ಯೋ ನಂದೀಶಾ, ಕೋದಂಡರಾಮಣ್ಣ ಹೋಗ್ಬಿಟ್ರೇನೋ? ಮೊನ್ನೆ ಸಂತೇಲಿ ಸಿಕ್ಕಿ ಹುಣಸೆಹಣ್ಣಿನ ರೇಟು ಕೇಳಿದ್ರಲ್ಲೋ!"

ಶಾಮಿಯಾನದ ಹಗ್ಗ ಎಳೆಯುತ್ತಿದ್ದ ನಂದೀಶನಿಗೆ ಏನೂ ಅರ್ಥವಾಗಲಿಲ್ಲ. ಫೋಟೋ ತೆರೆದು ದೊಡ್ಡದು ಮಾಡಿ ನೋಡಿದ. ಮೇಲಿನ ಸಾಲಿನಲ್ಲಿ ತೀರಿಹೋದ ತನ್ನ ತಂದೆ ಶ್ರೀನಿವಾಸಪ್ಪ. ಅವರ ಎರಡೂ ಕಡೆ ಉರಿಯುವ ದೀಪ, ಹಿಂದೆ ಬಿಳಿ ಬೆಳಕು, ಕೆಳಗೆ ಕಮಲದ ಹೂವು. ಪಕ್ಕದಲ್ಲೇ ಅಷ್ಟೇ ದೊಡ್ಡದಾಗಿ, ಕಣ್ಣು ಮುಚ್ಚಿ, ಹಾರ ಹಾಕಿಕೊಂಡು, ಅದೇ ದೀಪ, ಅದೇ ಬೆಳಕು, ಅದೇ ಕಮಲದ ನಡುವೆ ಕೋದಂಡರಾಮಪ್ಪ. ಇಬ್ಬರ ಕೆಳಗೂ ಸೇರಿಸಿ "ಸ್ವರ್ಗದಿಂದ ಹರಸುತ್ತಿರುವ ಹಿರಿಯರು" ಎಂದು ಬರೆದಿತ್ತು.

ಕದಿರೇಶನಿಗೆ ಫೋನ್ ಮಾಡಿದ. "ಬದುಕಿರೋರ್ಗೆ ದೀಪ ಹಚ್ಚಿದ್ದೀಯಲ್ಲಯ್ಯ!"

"ಸಾರ್, ನಿಮ್ಮಪ್ಪೋರ ಪಕ್ಕ, ಅಷ್ಟೇ ಸೈಜು ಅಂದೋರು ನೀವೇ. ಫೋಟೋದಲ್ಲಿ ಹಾರ ಇದೆ, ಕಣ್ಣು ಮುಚ್ಚಿದೆ. ನಾನೇನು ಫೋಟೋದಲ್ಲಿ ನಾಡಿ ಹಿಡಿದು ನೋಡೋಕಾಗುತ್ತಾ? ನೀವು ಓಕೆ ಬೇರೆ ಮಾಡಿದ್ರಿ. ಹಿಂದ್ಗಡೆ ಬೆಳಕು ಫ್ರೀಯಾಗಿ ಹಾಕ್ಕೊಟ್ಟಿದ್ದೀನಿ ಸಾರ್."

ಅಷ್ಟರಲ್ಲಿ ಗ್ರೂಪಿನಲ್ಲಿ "ಓಂ ಶಾಂತಿ"ಗಳ ಮಳೆ ಶುರುವಾಗಿತ್ತು. ಒಬ್ಬ ಅಪರೂಪದ ಜಾಣ, ಒಂದೇ ಸಾಲಿನಲ್ಲಿ ಮಗುವಿಗೆ ಶುಭಾಶಯ, ಮಾವನಿಗೆ ಸಂತಾಪ ಎರಡನ್ನೂ ಮುಗಿಸಿದ್ದ. ನಂದೀಶ "ಬಾವ ಬದುಕಿದ್ದಾರೆ" ಎಂದು ಬರೆದು ಹಾಕಿದ. ಮರುಕ್ಷಣ ಉತ್ತರ ಬಂತು: "ನಿಜ ನಂದೀಶಣ್ಣ, ಅವರು ನಮ್ಮೆಲ್ಲರ ಹೃದಯದಲ್ಲಿ ಸದಾ ಬದುಕಿರುತ್ತಾರೆ." ಅದಕ್ಕೆ ಮೂವತ್ತು ಜನ ಕೈಮುಗಿದರು.

ಬಾವನಿಗೆ ತಿಳಿಸೋಣವೆಂದರೆ ಅವರದು ಕೀಪ್ಯಾಡ್ ಫೋನು, ಬಸ್ಸಿನಲ್ಲಿ ಕೂತರೆ ಕೇಳಿಸುವುದಿಲ್ಲ. ಒಂಬತ್ತರ ಬಸ್ಸಿಗೆ ಬಂದು ಇಳಿಯುವವರು. ಅಷ್ಟರೊಳಗೆ ಫ್ಲೆಕ್ಸು ಇಳಿಸಿದರೆ ಉಂಟು, ಇಲ್ಲದಿದ್ದರೆ ತೊಡೆಯೂ ಇಲ್ಲ, ಹೆಂಡತಿಯೂ ಇಲ್ಲ. ನಂದೀಶ ರೇಷ್ಮೆ ಪಂಚೆಯಲ್ಲೇ ಏಣಿ ಹೊತ್ತು, ಕುಡುಗೋಲು ಹಿಡಿದು ಬಸ್ ಸ್ಟ್ಯಾಂಡಿಗೆ ಓಡಿದ.

ಅಲ್ಲಿ ಟೀ ಅಂಗಡಿಯ ಮುನಿಯಲ್ಲಪ್ಪ ಫ್ಲೆಕ್ಸಿನ ಮುಂದೆ ತೆಂಗಿನಕಾಯಿ ಒಡೆದು ಊದಿನಕಡ್ಡಿ ಹಚ್ಚುತ್ತಿದ್ದ.

"ನಿಮ್ ಬಾವನೋರು ದೇವ್ರಂಥೋರು ಕಣಪ್ಪ. ಎಷ್ಟಾಗಿತ್ತು ವಯಸ್ಸು?"

"ಐವತ್ತೇಳು."

"ಅಯ್ಯೋ ಪಾಪ! ಅದು ಹೋಗೋ ವಯಸ್ಸಾ?"

"ಹೋಗಿಲ್ಲ ಮುನಿಯಲ್ಲಣ್ಣ, ಬರ್ತಾ ಇದಾರೆ! ಒಂಬತ್ತರ ಬಸ್ಸಲ್ಲಿ!"

ಮುನಿಯಲ್ಲಪ್ಪನ ಕೈಯಿಂದ ಊದಿನಕಡ್ಡಿ ಬಿತ್ತು. "ಹೆಣಾನ ಬಸ್ಸಲ್ಲಿ ತರೋಕೆ ಬಿಟ್ರಾ?"

ಅವನಿಗೆ ತಿಳಿಹೇಳುತ್ತಾ ನಿಲ್ಲಲು ಪುರುಸೊತ್ತಿರಲಿಲ್ಲ. ನಂದೀಶ ಏಣಿ ಹತ್ತಿದ. ಟೀ ಕುಡಿಯುತ್ತಿದ್ದವರೆಲ್ಲ ಏಣಿ ಹಿಡಿಯಲು ಬಂದರು, ಜೊತೆಗೆ ಸಲಹೆಯನ್ನೂ ತಂದರು. ಒಬ್ಬ ಎಡಗಡೆ ಹಗ್ಗ ಕೊಯ್ಯಿ ಎಂದ, ಇನ್ನೊಬ್ಬ ಬಲಗಡೆ ಎಂದ, ಮತ್ತೊಬ್ಬ ಸೂತಕದಲ್ಲಿ ಏಣಿ ಹತ್ತಬಾರದೆಂದು ಏಣಿಯನ್ನೇ ಅಲ್ಲಾಡಿಸಿದ. ಕುಡುಗೋಲು ಯಾವುದೋ ಹಗ್ಗಕ್ಕೆ ತಗುಲಿ ಅರ್ಧ ಫ್ಲೆಕ್ಸು ದೊಪ್ಪನೆ ಮಡಿಸಿಕೊಂಡಿತು. ದೇವರು, ಮಗು, ಇಪ್ಪತ್ತೇಳು ಮುಖ ಎಲ್ಲ ಮಡಿಕೆಯೊಳಗೆ ಹೋಗಿ, ಹೊರಗೆ ಉಳಿದದ್ದು ಕೋದಂಡರಾಮಪ್ಪ, ಎರಡು ದೀಪ ಮತ್ತು ಕೆಳಗಿನ ಬರಹದ ಮೊದಲ ತುಂಡು.

ಆಗಲೇ ಒಂಬತ್ತರ ಬಸ್ಸು ಬಂತು. ಅದರ ಹಿಂದೆಯೇ ಮಾಲೂರಿನಿಂದ ನೆಂಟರನ್ನು ತುಂಬಿಕೊಂಡ ಟೆಂಪೋ ಬಂತು.

ಕೋದಂಡರಾಮಪ್ಪ ಗರಿಗರಿ ಪಂಚೆಯಲ್ಲಿ ಬಸ್ಸಿಳಿದರು. ಟೆಂಪೋದಿಂದ ನಂದೀಶನ ದೊಡ್ಡಪ್ಪ ಚನ್ನರಾಯಪ್ಪ ಮೊಣಕೈಯುದ್ದದ ಗುಲಾಬಿ ಹಾರ ಹಿಡಿದು ಇಳಿದರು. ಅವರ ಹಿಂದೆ ಇನ್ನೂ ಹನ್ನೆರಡು ಜನ, ಹನ್ನೆರಡು ಹಾರ. ದಾರಿಯಲ್ಲೇ ಗ್ರೂಪು ನೋಡಿ ಹೆಣಕ್ಕೆಂದು ಕೊಂಡು ತಂದ ಹಾರ, ಎದುರಿಗೆ ನೋಡಿದರೆ ಹೆಣವೇ ನಿಂತು ಮೀಸೆ ತಿರುವುತ್ತಿದೆ! ಹದಿಮೂರು ಜನವೂ ಬೊಂಬೆಗಳ ಹಾಗೆ ನಿಂತುಬಿಟ್ಟರು. ಕೋದಂಡರಾಮಪ್ಪನವರಿಗೆ ಮಾತ್ರ ಸಂತೋಷ ಉಕ್ಕಿ ಬಂತು.

"ಅಯ್ಯೋ, ಇದೆಲ್ಲ ಯಾಕಪ್ಪ? ಕಿವಿ ಚುಚ್ಚೋದು ಮಗೂಗೆ, ನನಗಲ್ಲ," ಎಂದು ಸಂಕೋಚದಿಂದ ಹೇಳುತ್ತಲೇ ಕತ್ತು ಬಗ್ಗಿಸಿ ಮುಂದಿಟ್ಟರು. ಚನ್ನರಾಯಪ್ಪ ಬೇರೆ ದಾರಿ ಕಾಣದೆ ಹಾರ ಹಾಕಿದರು. ಉಳಿದ ಹನ್ನೆರಡೂ ಕೊರಳಿಗೆ ಬಿದ್ದವು. ಹೂವಿನೊಳಗಿಂದ ಮೂಗು ಹೊರಗೆ ತಂದು ಕೋದಂಡರಾಮಪ್ಪ ಫ್ಲೆಕ್ಸಿನ ಕಡೆ ನೋಡಿದರು. ಬಹಳ ಹೊತ್ತು ನೋಡಿದರು.

"ನಂದೀಶ, ನನ್ನ ಪಕ್ಕದಲ್ಲಿ ದೀಪ ಯಾಕಿದೆ?"

ಏಣಿಯ ಮೇಲಿಂದ ನಂದೀಶ ಹೇಳಿದ: "ಕಳೆ, ಬಾವ. ನಿಮ್ಮ ಮುಖಕ್ಕೆ ಕಳೆ ಬರ್ಲಿ ಅಂತ."

"ಕೆಳಗಡೆ ಏನೋ ಬರ್ದಿದೆ. ಸ್ವರ್ಗ ಅಂತಿದೆ."

ನಂದೀಶ ಕುಡುಗೋಲಿನಿಂದ ಆ ಬರಹ ಮುಚ್ಚಲು ಹೋದ.

"ಏಮಯ್ಯಾ!" ಎಂದು ಕೋದಂಡರಾಮಪ್ಪ ಗುಡುಗಿದರು. "ಬದುಕಿರೋವಾಗ್ಲೇ ನನ್ನನ್ನ ಮೇಲಕ್ಕೆ ಕಳಿಸ್ಬಿಟ್ಟೆಯಲ್ಲೋ! ತೊಡೆ ಬೇಕಂತೆ ತೊಡೆ! ಸತ್ತೋನ ತೊಡೆ ಮೇಲೆ ಮಗು ಕೂರಿಸ್ತಾರೇನೋ?" ಹಾರಗಳ ಸಮೇತ ತಿರುಗಿ ಬಸ್ಸಿನ ಮೆಟ್ಟಿಲಿಗೆ ಕಾಲಿಟ್ಟರು. ಸುದ್ದಿ ಕೇಳಿ ಮಗುವನ್ನೆತ್ತಿಕೊಂಡು ಓಡಿಬಂದಿದ್ದ ಅನಿತ ಅದೇ ಬಸ್ಸಿನ ಹಿಂದಿನ ಬಾಗಿಲ ಕಡೆ ನಡೆದಳು. ನಂದೀಶ ಏಣಿಯ ಮೇಲಿಂದಲೇ ಇಬ್ಬರನ್ನೂ ಕೂಗಿದ. ಅಳು ಬಂತು.

"ನಿಂತ್ಕೊಳ್ಳೋ ಕೋದಂಡ!" ಎಂದಿತು ಒಂದು ಧ್ವನಿ. ನಂದೀಶನ ಸೋದರತ್ತೆ, ಎಂಬತ್ತೆರಡು ವರ್ಷದ ಆದಿಲಕ್ಷ್ಮಮ್ಮ ಕೋಲೂರಿಕೊಂಡು ಬಂದಿದ್ದರು. "ಹುಚ್ಚಪ್ಪ, ಅದೃಷ್ಟ ಬಾಗಿಲಿಗೆ ಬಂದ್ರೆ ಬಸ್ ಹತ್ತುತಾರೇನೋ? ಬದುಕಿರೋರ್ನ ಸತ್ರು ಅಂತ ಜನ ಅತ್ರೆ ಹತ್ತು ವರ್ಷ ಆಯಸ್ಸು ಜಾಸ್ತಿ ಆಗುತ್ತೆ. ನಮ್ಮಪ್ಪ ಸತ್ತ ಅಂತ ಒಂದ್ಸಲ ತಮಟೆ ಹೊಡೆಸಿದ್ರು. ಆಮೇಲೆ ಅವನು ತೊಂಬತ್ತೊಂದರವರೆಗೂ ಬದುಕಿ, ಆ ತಮಟೆ ಹೊಡೆದೋನ್ನೇ ಮಣ್ಣು ಮಾಡಿ ಬಂದ!"

ಕೋದಂಡರಾಮಪ್ಪನವರ ಕಾಲು ಮೆಟ್ಟಿಲಿನ ಮೇಲೇ ನಿಂತಿತು. "ಹತ್ತು ವರ್ಷಾನಾ?" ಎಂದರು. ಹಾರ ಸರಿಮಾಡಿಕೊಂಡು, "ಎಷ್ಟು ಜನ ಅತ್ತಿದಾರೆ?" ಎಂದು ಕೇಳಿದರು.

"ಗ್ರೂಪಲ್ಲಿ ನೂರಾ ಹದಿನೆಂಟು ಜನ, ಬಾವ!" ಎಂದು ನಂದೀಶ ಏಣಿಯಿಂದ ಜಾರುತ್ತಲೇ ಕೂಗಿದ.

"ಓದು ನೋಡೋಣ."

ನಂದೀಶ ಓದಿದ. ಡೇರಿಯಲ್ಲಿ ಅವರ ಎದುರು ಪಾರ್ಟಿಯಾಗಿದ್ದ ದೂರದ ನೆಂಟ ಗಂಗಾಧರ್, "ನನ್ನ ಹಸು ಹಳ್ಳಕ್ಕೆ ಬಿದ್ದಾಗ ಮೊದಲು ಇಳಿದದ್ದು ಕೋದಂಡಣ್ಣ" ಎಂದು ಬರೆದಿದ್ದ. ಕೋದಂಡರಾಮಪ್ಪ ಹೂವಿನ ಹಾರದಿಂದಲೇ ಕಣ್ಣೊರೆಸಿಕೊಂಡರು. "ನಾಲ್ಕು ವರ್ಷದಿಂದ ನನ್ನ ಹತ್ರ ಮಾತು ಬಿಟ್ಟಿದ್ದ ಕಣೋ ಇವನು. ಮನಸ್ಸಲ್ಲಿ ಇಷ್ಟಿತ್ತಾ?" ಎಂದರು. ಬಸ್ಸು ಅಣ್ಣನನ್ನೂ ತಂಗಿಯನ್ನೂ ಬಿಟ್ಟು ಹೊರಟಿತು.

ಹತ್ತೂವರೆಯ ಮುಹೂರ್ತಕ್ಕೆ ಸರಿಯಾಗಿ ಹಂಸಿಕಾ ಸೋದರಮಾವನ ತೊಡೆಯ ಮೇಲೆ ಕೂತಳು. ಆಚಾರಿ ಕಿವಿ ಚುಚ್ಚಿದ. ಮಗು ಕಿರುಚಿದ್ದು ಶ್ರೀನಿವಾಸಪುರಕ್ಕೆ ಕೇಳಿಸಿರಬೇಕು, ಆದರೆ ನಂದೀಶನಿಗೆ ಅದು ನಾದಸ್ವರದಂತೆ ಕೇಳಿಸಿತು. ಅನಿತ ಎಲ್ಲರೆದುರಿಗೇ ಅವನಿಗೊಂದು ನಗು ಕೊಟ್ಟಳು. ಬೆಳಗಿನಿಂದ ಮೊದಲ ಸಲ ಹಸಿವೆಯಾಯಿತು. ಎಲೆ ಹಾಕಿಸಿಕೊಂಡು, ಹೋಳಿಗೆಗೆ ತುಪ್ಪ ಬಿಡಿಸಿಕೊಂಡು, ಮೊದಲ ತುತ್ತು ಬಾಯಿಗಿಡುವಷ್ಟರಲ್ಲಿ ಎದುರಿಗೆ ದೊಡ್ಡಪ್ಪ ಚನ್ನರಾಯಪ್ಪ ಬಂದು ನಿಂತರು. ಮುಖ ಗಡಿಗೆಯಾಗಿತ್ತು.

"ಏನ್ಲಾ ನಂದೀಶ, ನಾನು ನಿಮ್ಮಪ್ಪನ ಒಡಹುಟ್ಟಿದೋನು. ನನಗೆ ಎಪ್ಪತ್ತಾರು. ಆಯಸ್ಸು ಬೇಕಾಗಿರೋದು ನನಗಾ, ಐವತ್ತೇಳರ ಅವರಿಗಾ?"

"ದೊಡ್ಡಪ್ಪ, ಅದು ತಪ್ಪಿ ಆಗಿದ್ದು..."

"ತಪ್ಪಿ ಆದ್ರೂ ಹೆಂಡ್ತಿ ಕಡೆಯೋರಿಗೇ ಯಾಕೆ ಆಗುತ್ತೆ ಅಂತ ಕೇಳ್ತಿದ್ದೀನಿ!"

ಹಿಂದಿನಿಂದ ಆದಿಲಕ್ಷ್ಮಮ್ಮನ ಕೋಲು ಬಂತು. "ನೀನು ಸುಮ್ನಿರೋ ಚನ್ನ, ನನಗೆ ಎಂಬತ್ತೆರಡು. ನನ್ನನ್ನ ಕೆಳಗಿನ ಸಾಲಲ್ಲಿ ಬದುಕಿರೋರ ಜೊತೆ ತಳ್ಳಿದಾನೆ. ಒಂದು ದೀಪಕ್ಕೂ ಗತಿಯಿಲ್ಲ! ಆಯಸ್ಸಿನ ವಿಷಯ ಹೇಳ್ಕೊಟ್ಟೋಳೇ ನಾನು!"

ಶ್ಯಾಮಲಮ್ಮ ಚಿಕ್ಕಮ್ಮ ಮುಳಬಾಗಿಲಿನಿಂದ ಅಳುತ್ತಾ ಬಂದಿದ್ದವರು, ಈಗ ಬೇರೆ ಕಾರಣಕ್ಕೆ ಅಳುತ್ತಿದ್ದರು. ಪಂಕ್ತಿಯಲ್ಲಿ ಕೂತವರೆಲ್ಲ ಒಬ್ಬೊಬ್ಬರಾಗಿ ಎದ್ದು ಬಂದು ನಂದೀಶನ ಎಲೆಯ ಸುತ್ತ ನಿಂತರು. ಎಲ್ಲರದೂ ಒಂದೇ ಮಾತು. ಬಂದವರಿಗೆ ಧನ್ಯವಾದ ಹೇಳುವ ಫ್ಲೆಕ್ಸು ಹೇಗೂ ಹಾಕಬೇಕು, ಅದರಲ್ಲಿ ತಮ್ಮ ಫೋಟೋ ಮೇಲಿನ ಸಾಲಿಗೆ, ದೀಪದೊಂದಿಗೆ ಬರಬೇಕು. ಇಲ್ಲದಿದ್ದರೆ ಮುಂದಿನ ತಿಂಗಳು ನಂದೀಶನ ತಂಗಿ ಗಂಗಾಲಕ್ಷ್ಮಿಯ ಮದುವೆ ಚಪ್ಪರಕ್ಕೆ ಒಬ್ಬರೂ ಕಾಲಿಡುವುದಿಲ್ಲ.

"ನನ್ನನ್ನೂ ಹಾಕ್ಸಿ. ನಮ್ಮಣ್ಣನ ಪಕ್ಕದಲ್ಲೇ ಇರ್ಲಿ," ಎಂದಳು ಅನಿತ, ಇನ್ನೊಂದು ಹೋಳಿಗೆ ಬಡಿಸುತ್ತಾ.

ಮಧ್ಯಾಹ್ನ ಮೂರು ಗಂಟೆಗೆ ಶಾಮಿಯಾನದಲ್ಲಿ ಫೋಟೋ ಶುರುವಾಯಿತು. ಕೋದಂಡರಾಮಪ್ಪನವರು ಹದಿಮೂರು ಹಾರಗಳನ್ನು ಉದಾರವಾಗಿ ಎರವಲು ಕೊಟ್ಟು, ಕಣ್ಣು ಎಷ್ಟು ಮುಚ್ಚಬೇಕೆಂದು ಎಲ್ಲರಿಗೂ ಹೇಳಿಕೊಟ್ಟರು. ಎಲ್ಲರೂ ಮೇಲೆ ಹೋದರೆ ಕೆಳಗೆ ಕೈಮುಗಿದು ನಿಲ್ಲುವುದಕ್ಕೆ ಒಬ್ಬನಾದರೂ ಬೇಕಲ್ಲ ಎಂದು, ನಂದೀಶನನ್ನು ಮಾತ್ರ ಒಮ್ಮತದಿಂದ ಕೆಳಗೇ ಬಿಟ್ಟರು.

ಫೋಟೋಗಳು ಹೋದ ಐದು ನಿಮಿಷಕ್ಕೆ ಕದಿರೇಶನ ಫೋನು ಬಂತು.

"ಸಾರ್... ಬೆಳಗ್ಗೆ ಒಬ್ರೇ ಇದ್ರಲ್ಲ ಸಾರ್. ಟೆಂಪೋ ಏನಾದ್ರೂ ಪಲ್ಟಿ ಆಯ್ತಾ?"

"ಇಲ್ಲಪ್ಪ. ಎಲ್ಲರೂ ಊಟ ಮಾಡಿ ಎಲೆಅಡಿಕೆ ಹಾಕ್ಕೊಂಡಿದಾರೆ. ನೀನು ದೀಪ ಹಚ್ಚು."

ಕದಿರೇಶ ಮೆಲ್ಲಗೆ ಕೇಳಿದ: "ಕೆಳಗಡೆ ನೀವೊಬ್ರೇ ಉಳಿದಿದ್ದೀರ ಸಾರ್. ನಿಮ್ಮ ಫೋಟೋ ಕೆಳಗೆ ಏನಂತ ಹಾಕ್ಲಿ? 'ದುಃಖತಪ್ತರು' ಅಂತ ಹಾಕ್ಬಿಡ್ಲಾ?"

ನಂದೀಶ ಶಾಮಿಯಾನದ ಕಡೆ ನೋಡಿದ. ದೊಡ್ಡ ಹಾರ ತನಗೆ ಬೇಕೆಂದು ದೊಡ್ಡಪ್ಪನೂ ಸೋದರತ್ತೆಯೂ ಎರಡು ತುದಿ ಹಿಡಿದು ಎಳೆದಾಡುತ್ತಿದ್ದರು. ಫೋಟೋ ಸರಿ ಬಂದಿಲ್ಲವೆಂದು ಇನ್ನೂ ಆರು ಜನ ಕಣ್ಣು ಮುಚ್ಚಿ ಸಾಲಾಗಿ ಕಾಯುತ್ತಿದ್ದರು. ಅವನ ಎಲೆಯ ಮೇಲಿದ್ದ ಹೋಳಿಗೆಯನ್ನು ಯಾರೋ ತಿಂದು ಮುಗಿಸಿದ್ದರು.

"ಹಾಕಪ್ಪ," ಎಂದ ನಂದೀಶ. "ಇಡೀ ಫ್ಲೆಕ್ಸಲ್ಲಿ ಅದೊಂದಾದ್ರೂ ನಿಜ ಇರ್ಲಿ."