ಮೊದಲ ಪಂಕ್ತಿಯ ಫ್ರೆಂಚ್ ಕ್ರಾಂತಿ

ಫ್ರಾನ್ಸಿನ ಪ್ರಜೆಗಳಿಗೆ ಹಕ್ಕುಗಳು ಹೇಗೆ ಬಂದವು ಎಂಬುದನ್ನು ನಮ್ಮ ಪಾಯಿಂಟ್ ಕುಕ್ ಬಡಾವಣೆಯ ಕನ್ನಡಿಗರಿಗೆ ತಿಳಿಸಲು ನನಗಿಂತ ಯೋಗ್ಯ ಮನುಷ್ಯ ಇಡೀ ಮೆಲ್ಬರ್ನಿನಲ್ಲಿ ಇರಲಿಲ್ಲ. ಇದು ನನ್ನ ಅಭಿಪ್ರಾಯ. ಧಾರವಾಡದಲ್ಲಿ ಬಿ.ಎ.ಗೆ ಇತಿಹಾಸ ಓದಿದ್ದೆನಲ್ಲ! 2008ರ ಯುಗಾದಿ ಊಟಕ್ಕೆ ಮೊದಲು ಯಾರು ಭಾಷಣ ಮಾಡುತ್ತೀರಿ ಎಂದು ಇಲ್ಲಿನ ಕನ್ನಡ ಸಂಘದವರು ಕೇಳಿದಾಗ ಕೈ ತಾನಾಗಿ ಮೇಲೆದ್ದಿತು.

ವಾರವಿಡೀ ಫ್ರೀವೇಯಲ್ಲಿ ಕಾರು ಓಡಿಸುತ್ತ ಭಾಷಣ ಉರುಹೊಡೆದೆ. ಒಮ್ಮೆ ರಾಜನ ತಲೆ ತೆಗೆಸುವ ಭರದಲ್ಲಿ ನಮ್ಮ ಎಕ್ಸಿಟ್ ದಾಟಿ ಜೀಲಾಂಗ್ ದಾರಿ ಹಿಡಿದಿದ್ದೆ!

ಹಬ್ಬದ ಬೆಳಿಗ್ಗೆ ಸಂಘದ ಹಾಲ್‌ನ ಅಡುಗೆಮನೆಯಲ್ಲಿ ಹೋಳಿಗೆಯ ಹೂರಣ ರುಬ್ಬುತ್ತಿದ್ದ ಹೆಂಡತಿ ಸುಮಂಗಲಾ ಕರೆದಳು.

"ಏನ್ರೀ, ಒಂದೀಟು ಕಣಕಾನರ ನಾದಿ ಕೊಡ್ರಿ. ಕೈ ಸೋತು ಹೋಗ್ಯಾವ."

"ಈಗ ಆಗಂಗಿಲ್ಲ. ಮಾನವ ಹಕ್ಕು ಓದ್ಲಿಕ್ಹತ್ತೀನಿ."

ಅವಳು ಕಣಕದ ಪಾತ್ರೆಯನ್ನು ತನ್ನತ್ತ ಎಳೆದುಕೊಂಡು ತಾನೇ ನಾದತೊಡಗಿದಳು. ಅಲ್ಲೇ ನಾನು ಹೆದರಬೇಕಿತ್ತು. ಸುಮಂಗಲಾ ಒಮ್ಮೆ ಮಾತು ಬಿಟ್ಟಳೆಂದರೆ ಮತ್ತೆ ಶುರುವಾಗಲು ಮುಂದಿನ ಹಬ್ಬವೇ ಬರಬೇಕು.

ಹಾಲ್ ತುಂಬಿತ್ತು. 1789ರ ಘೋಷಣೆಯನ್ನು ಗುಡುಗಿದೆ: ಮನುಷ್ಯರೆಲ್ಲ ಹುಟ್ಟಿನಿಂದ ಸ್ವತಂತ್ರರು, ಹಕ್ಕುಗಳಲ್ಲಿ ಸಮಾನರು! ಸಂವಿಧಾನಗಳು ಬಂದವು, ಹೋದವು; ಆ ಘೋಷಣೆಯನ್ನು ಇವತ್ತಿನ ಸಂವಿಧಾನವೂ ಕೈಬಿಟ್ಟಿಲ್ಲ! ಚಪ್ಪಾಳೆ.

ಆಗ ನನ್ನ ಮಗಳು ಅನಘಾ ಎದ್ದು ನಿಂತಳು. "ಬಟ್ ಡ್ಯಾಡ್, ವಾಟ್ ಅಬೌಟ್ ವಿಮೆನ್?"

"ಅವರಿಗೆ ಓಟು ಸಿಕ್ಕಿದ್ದು 1944ರಾಗ. ಕ್ರಾಂತಿ ವ್ಯಾಳ್ಯಾದಾಗ ಹೆಂಗಸರ ಹಕ್ಕು ಬರೆದ ಒಬ್ಬಾಕಿಯ ತಲೀನ ತಗದ್ರು. ಎಂಥಾ ಅನ್ಯಾಯ ನೋಡ್ರಿ!" ಎಂದು ಕರವಸ್ತ್ರದಿಂದ ಕಣ್ಣು ಕೂಡ ಒರೆಸಿಕೊಂಡೆ. ಅಲ್ಲಿಗೇ ಇಳಿದಿದ್ದರೆ ಮರ್ಯಾದೆ ಉಳಿಯುತ್ತಿತ್ತು. ಆದರೆ ಕೈಯಲ್ಲಿ ಮೈಕ್ ಇತ್ತು, ಹೊಟ್ಟೆಯಲ್ಲಿ ಹಸಿವಿತ್ತು. ರೂಢಿಯಂತೆ ಬಾಯಿ ತಾನೇ ಮುಂದುವರಿಯಿತು.

"ಈಗ ಊಟ! ಗಂಡಸರು, ಹುಡುಗ್ರು ಮೊದಲ ಪಂಕ್ತಿಗೆ ಬರ್ರಿ. ಹೆಣ್ಣುಮಕ್ಕಳು ಬಡಸ್ತಾರ!"

ಹೆಂಗಸರೆಲ್ಲ ಒಮ್ಮೆಲೇ ನನ್ನತ್ತ ತಿರುಗಿದರು.

ಅಡುಗೆಯ ಮೇಲ್ವಿಚಾರಣೆ ಹೊತ್ತಿದ್ದ ಹುಬ್ಬಳ್ಳಿಯ ಶಾಂತಾ ಆಂಟಿ ಬಂದು ನನ್ನ ಕೈಯಿಂದ ಮೈಕ್ ಕಿತ್ತುಕೊಂಡು ಸೌಟು ಇಟ್ಟರು. "ಭಾಷಣ ಚಂದಾತ್ರಿ. ಈಗ ಬಡಸ್ರಿ." ಹೆಂಗಸರೆಲ್ಲ ಸಾಲಾಗಿ ಕೂತುಬಿಟ್ಟರು. ಫ್ರಾನ್ಸಿನಲ್ಲಿ ಒಂದೂವರೆ ಶತಮಾನ ಹಿಡಿದದ್ದು ಪಾಯಿಂಟ್ ಕುಕ್ಕಿನಲ್ಲಿ ಎರಡೇ ನಿಮಿಷದಲ್ಲಿ ಮುಗಿಯಿತು!

ಗಂಡಸರೆಲ್ಲ ನನ್ನನ್ನು ದುರುಗುಟ್ಟಿ ನೋಡುತ್ತ ಸೊಂಟ ಕಟ್ಟಿದರು. ನಾನು ಧೈರ್ಯದಿಂದ ಕಟ್ಟಿನ ಸಾರಿನ ಪಾತ್ರೆ ಎತ್ತಿ ಬಡಿಸಿದೆ. ಅನ್ನ ಇನ್ನೂ ಬಂದಿಲ್ಲ ಎಂಬುದು ತಲೆಗೆ ಹೊಳೆಯಲೇ ಇಲ್ಲ! ಸಾರು ಪೇಪರ್ ಪ್ಲೇಟಿನಿಂದ ಹರಿದು, ಮೇಜು ದಾಟಿ, ಒಂದು ಇಳಕಲ್ ಸೀರೆಯ ಮೇಲೆ ಇಳಿಯಿತು. ಸೀರೆಯ ಒಳಗೆ ಸುಮಂಗಲಾ ಇದ್ದಳು.

ಫ್ರಾನ್ಸಿನ ರಾಜನನ್ನು ನೆನೆದು ಕತ್ತು ಮುಟ್ಟಿ ನೋಡಿಕೊಂಡೆ.

ಅವಳು ಸೀರೆ ನೋಡಿದಳು, ನನ್ನನ್ನು ನೋಡಿದಳು. ಆಮೇಲೆ ಹೋಳಿಗೆ ಮುರಿದು ತುಪ್ಪದಲ್ಲಿ ಅದ್ದಿ ಬಾಯಿಗಿಟ್ಟು, ಜೋರಾಗಿ ನಕ್ಕಳು. "ಈ ದೇಶಕ್ಕ ಬಂದಮ್ಯಾಲೆ ಹಬ್ಬದಾಗ ಬಿಸಿ ಹೋಳಿಗಿ ತಿಂದದ್ದು ಇದ ಮೊದಲ್ರಿ. ಸೀರಿ ಹೋದ್ರ ಹೋಗ್ಲಿ. ಇನ್ನೊಂದು ಹಾಕ್ರಿ."

ಹೋದ ಜೀವ ಬಂದಂತಾಯಿತು! ಇನ್ನೊಂದಲ್ಲ, ಎರಡು ಹಾಕಿದೆ. ಇಷ್ಟು ವರ್ಷ ಅವಳು ತಣ್ಣಗಾದದ್ದನ್ನೇ ತಿಂದಿದ್ದಳು, ನಾನು ಒಮ್ಮೆಯೂ ನೋಡಿರಲಿಲ್ಲ ಎಂದು ನಾಚಿಕೆಯೂ ಆಯಿತು.

ನಮ್ಮ ಪಂಕ್ತಿ ಬರುವ ಹೊತ್ತಿಗೆ ಹೋಳಿಗೆ ಖಾಲಿ. ಮೊಸರನ್ನ ಉಂಡೆವು.

ಆಮೇಲೆ ಹಿರಿಯರೆಲ್ಲ ಸೇರಿ ಒಮ್ಮತದ ಠರಾವು ಮಾಡಿದರು: ನನಗೆ ಇನ್ನು ಮೈಕ್ ಕೊಡತಕ್ಕದ್ದಲ್ಲ, ಸೌಟಂತೂ ಕೊಡಲೇಬಾರದು. ಅಂದಿನಿಂದ ಪ್ರತಿ ಹಬ್ಬಕ್ಕೂ ನನಗೆ ಉಳಿದಿರುವ ಸಾಂವಿಧಾನಿಕ ಹಕ್ಕು ಒಂದೇ. ಕುರ್ಚಿ ಮಡಚುವುದು!