ಕಗ್ಗಂಟು ಯಂತ್ರದ ಕಾಶಿಯಾತ್ರೆ

ಬೆಳಿಗ್ಗೆ ಆರೂವರೆಗೆ ಗೋಪಿನಾಥ ಅಡುಗೆಮನೆ ಬಾಗಿಲಲ್ಲಿ ನಿಂತು ಗಂಟಲು ಸರಿಮಾಡಿಕೊಂಡಾಗಲೇ ವತ್ಸಲಾ ಕೈಲಿದ್ದ ಸೌಟು ಕೆಳಗಿಟ್ಟಳು. ಮೂವತ್ತೊಂದು ವರ್ಷದ ಸಂಸಾರದಲ್ಲಿ ಆ ಸದ್ದಿನ ಹಿಂದೆ ಒಂದೋ ಹೊಗೆ ಬಂದಿತ್ತು, ಇಲ್ಲವೇ ಅಗ್ನಿಶಾಮಕದವರು ಬಂದಿದ್ದರು.

"ಎಲ್ಲರೂ ಕೇಳಿ! ಇವತ್ತಿನಿಂದ ಈ ಕಲ್ಯಾಣ ಮಂಟಪದಲ್ಲಿ ಯಾವ ಕೆಲಸವೂ ನಿಲ್ಲೋದಿಲ್ಲ!"

"ಇವತ್ತು ಬೇಡ ಕಣ್ರೀ," ಎಂದಳು ವತ್ಸಲಾ. "ನಮ್ಮ ರಂಗನ ಮಗಳ ಮದುವೆ ಇವತ್ತು. ಮುಹೂರ್ತ ಹತ್ತೂ ಐದರಿಂದ ಹತ್ತೂ ನಲವತ್ತು. ತಪ್ಪಿದ್ರೆ ಇನ್ನೊಂದು ಸಿಗೋದು ನಾಲ್ಕು ತಿಂಗಳಿಗೆ ಅಂದಿದ್ದಾರೆ ಪುರೋಹಿತರು. ನಿಮ್ಮ ಯಂತ್ರ ನಾಳೆ ತೋರ್ಸಿ."

"ಅದಕ್ಕೇ ಇವತ್ತು ತೋರಿಸ್ತಿರೋದು!"

ಹಾಸನದ ಆ ಮಂಟಪ ವತ್ಸಲಾಳದು. ಗೋಪಿನಾಥ ಇಪ್ಪತ್ತೆಂಟು ವರ್ಷ ಒಂದು ಬ್ಯಾಂಕಿನ ಡೇಟಾಬೇಸ್ ಕಾದು ನಿವೃತ್ತನಾದವನು. ಅಲ್ಲಿ ಅವನ ನಿದ್ದೆ ಕೆಡಿಸುತ್ತಿದ್ದದ್ದು ಒಂದೇ, ಡೆಡ್‌ಲಾಕ್. ಇವನ ಕೈಲಿರುವುದಕ್ಕೆ ಅವನು ಕಾಯುತ್ತಾನೆ, ಅವನ ಕೈಲಿರುವುದಕ್ಕೆ ಇವನು ಕಾಯುತ್ತಾನೆ. ಇಬ್ಬರೂ ಬಿಡುವುದಿಲ್ಲ, ಕೆಲಸ ಅಲ್ಲೇ ನಿಲ್ಲುತ್ತದೆ. ಆಗ ಕಂಪ್ಯೂಟರು ಬರೆದಿಡುವ ಟ್ರೇಸ್ ಫೈಲ್ ಬಿಚ್ಚಿ, ಯಾರು ಏನು ಹಿಡಿದಿದ್ದರು, ಯಾವುದಕ್ಕೆ ಕಾಯುತ್ತಿದ್ದರು ಎಂದು ಜಾಡು ಹಿಡಿಯಬೇಕು. ಅದೇ ವಿದ್ಯೆಯನ್ನು ಅವನೀಗ ಮನುಷ್ಯರ ಮೇಲೆ ಹೂಡಿದ್ದ.

ಯಂತ್ರ ಗೋದ್ರೆಜ್ ಬೀರುವಿನಷ್ಟು ಎತ್ತರವಿತ್ತು. ಹೆಸರು ಬಿಡಿಸಪ್ಪ. ಮಂಟಪದ ತುಂಬ ಹನ್ನೆರಡು ಕ್ಯಾಮೆರಾ, ಜೊತೆಗೆ ತಾವೇ ಓಡಾಡುವ ಆರು ಗಾಲಿಪೀಠ, ಪೀಠಕ್ಕೆರಡು ಉಕ್ಕಿನ ಕೈ.

"ಪರೀಕ್ಷೆಗೆ ಅಂತ ನಮ್ಮ ಮದುವೆಯ ವಿವರವನ್ನೇ ಪೂರ್ತಿ ಇದಕ್ಕೆ ತುಂಬಿದೀನಿ, ವತ್ಸಲಾ. ಕಾಶಿಯಾತ್ರೆಯಿಂದ ನಾಗವಲ್ಲಿವರೆಗೆ!"

"ನನ್ನನ್ನ ಕೇಳಿದ್ರಾ?"

ಅಷ್ಟರಲ್ಲಿ ಒಳಗೆ ಜಗಳ ಹತ್ತಿತು. ದೊಡ್ಡ ಒಲೆ ಹಿಡಿದಿದ್ದ ಅಡುಗೆಯ ಸುಬ್ರಾಯ ಭಟ್ಟರಿಗೆ ತುರಿಯುವ ಮಣೆ ಬೇಕು. ಮಣೆ ಹಿಡಿದಿದ್ದ ನಾಗೇಶನಿಗೆ ದೊಡ್ಡ ಒಲೆ ಬೇಕು.

"ಮಣೆ ಕೊಡೋ!"

"ಒಲೆ ಬಿಡಿ, ಕೊಡ್ತೀನಿ!"

ಬಿಡಿಸಪ್ಪ ಗುರ್ರೆಂದಿತು. ಅದರ ಹೊಟ್ಟೆಯಿಂದ ಟ್ರೇಸ್ ಫೈಲಿನ ಕಾಗದ ಸುರುಳಿಸುರುಳಿಯಾಗಿ ಇಳಿಯಿತು. ರೈಲ್ವೆ ನಿಲ್ದಾಣದ ಹೆಂಗಸಿನ ದನಿಯಲ್ಲಿ ಅದು ಸಾರಿತು: "ದಯವಿಟ್ಟು ಗಮನಿಸಿ. ಕಗ್ಗಂಟು ಪತ್ತೆಯಾಗಿದೆ. ಈವರೆಗೆ ಕಡಿಮೆ ಕೆಲಸ ಮಾಡಿದವರು ನಾಗೇಶ. ಅವರನ್ನು ಹಿಂದಕ್ಕೆ ಕಳುಹಿಸಲಾಗುವುದು."

ಪೀಠವೊಂದು ಬಂದು ನಾಗೇಶನ ಕೈಯಿಂದ ಮಣೆ ಕಸಿದು ಭಟ್ಟರಿಗೆ ಕೊಟ್ಟು, ಅವನನ್ನು ಎತ್ತಿ ಹಿತ್ತಿಲಿನ ನಲ್ಲಿಯ ಬಳಿ ಇಳಿಸಿತು. ಅವನು ಬೆಳಿಗ್ಗೆ ಕೈ ತೊಳೆದು ಕೆಲಸ ಶುರು ಮಾಡಿದ್ದು ಅಲ್ಲೇ.

"ನೋಡಿದ್ಯಾ! ಇಬ್ಬರಲ್ಲಿ ಒಬ್ಬನ ಕೆಲಸ ರದ್ದು ಮಾಡ್ಬೇಕು, ಹೊರಟ ಜಾಗಕ್ಕೆ ವಾಪಸ್ ಕಳಿಸ್ಬೇಕು. ಅಷ್ಟೇ!" ಗೋಪಿನಾಥ ಮೀಸೆ ತಿರುವಿದ.

ಎಂಟರ ಹೊತ್ತಿಗೆ ಬಿಡಿಸಪ್ಪನಿಗೆ ಹುರುಪು ಹೆಚ್ಚಿತು. ಬಚ್ಚಲಿನ ಮುಂದೆ ಬಿಸಿನೀರು ಹಿಡಿದವರಿಗೆ ಬಕೆಟ್ಟಿಲ್ಲ, ಬಕೆಟ್ ಹಿಡಿದ ವರನ ಚಿಕ್ಕಪ್ಪನಿಗೆ ನೀರಿಲ್ಲ. ಪೀಠ ಚಿಕ್ಕಪ್ಪನನ್ನು ಹೊತ್ತೊಯ್ದು ಹಾಸಿಗೆಯಲ್ಲಿ ಮಲಗಿಸಿ, ಕುತ್ತಿಗೆಯವರೆಗೆ ಕಂಬಳಿ ಹೊದಿಸಿತು. ಅವರು ಎದ್ದರೆ ಮತ್ತೆ ಮಲಗಿಸಿತು. ಓಲಗದವರು ನಿಲ್ಲಿಸಲೆಂದು ಫೋಟೋದವನು, ಫೋಟೋ ಮುಗಿಯಲೆಂದು ಓಲಗದವರು ಕಾಯುತ್ತಿದ್ದರು; ಪೀಠ ಫೋಟೋದವನನ್ನು ಮೂರು ಸಲ ಹೊರಗೇಟಿಗೆ ಒಯ್ದು ಬಿಟ್ಟಿತು, ಅವನು ಮೂರು ಸಲ ಒಳಬಂದ.

"ಆರಿಸ್ರೀ ಅದನ್ನ!"

"ಲೆಕ್ಕದ ಪ್ರಕಾರ ಸರಿಯಾಗೇ ಇದೆ ಕಣೇ!"

ಒಂಬತ್ತಕ್ಕೆ ಕಾಶಿಯಾತ್ರೆ ಸಾಂಗವಾಗಿ ನಡೆಯಿತು. ವರ ಸುಹಾಸ ಕೊಡೆ ಹಿಡಿದು ಕಾಶಿಗೆ ಹೊರಟ. ವತ್ಸಲಾಳ ತಮ್ಮ, ವಧುವಿನ ತಂದೆ ರಂಗಸ್ವಾಮಿ ತಡೆದು, ಮಗಳನ್ನು ಕೊಡುತ್ತೇನೆ ಬನ್ನಿ ಎಂದು ಕರೆತಂದ. ವರನಿಗೆ ಪೇಟ ತೊಡಿಸಿ, ಹಾರ ಹಾಕಿ, ಅಲಂಕರಿಸಿದ ಗಾಲಿಪೀಠದಲ್ಲಿ ಕೂರಿಸಿದರು. ವತ್ಸಲಾ ಉಸಿರು ಬಿಟ್ಟಳು. ಬಿಡಬಾರದಿತ್ತು.

ಒಂಬತ್ತೂ ಐವತ್ತಕ್ಕೆ ಊಟದ ಹಾಲಿನಿಂದ ಕರೆ ಬಂತು. ವರನ ತಂದೆ ಚಕ್ರಪಾಣಿಯವರು ಎಲೆಯ ಮುಂದೆ ಕೂತಿದ್ದಾರೆ, ಇಡ್ಲಿ ಮುಟ್ಟುತ್ತಿಲ್ಲ.

"ಶಾಸ್ತ್ರಕ್ಕೆ ಒಂದಾದ್ರೂ ತಗೊಳ್ಳಿ ಬೀಗ್ರೇ," ರಂಗಸ್ವಾಮಿ ಕೈ ಮುಗಿದ.

"ಛೆ ಛೆ! ಕನ್ಯಾದಾನ ಮಾಡೋ ನೀವು ಉಪವಾಸ ಇರೋವಾಗ ನಾನು ತಿನ್ನೋದೇ? ನೀವು ತಿನ್ನಿ, ಆಮೇಲೆ ನಾನು."

"ಧಾರೆ ಎರೆಯೋವರೆಗೆ ನಾನು ತಿನ್ನೋ ಹಾಗಿಲ್ವಲ್ಲ."

"ಹಾಗಾದ್ರೆ ಎರೀರಿ!"

"ಛೆ ಛೆ! ಬೀಗರು ಹಸಿದಿರೋವಾಗ ಧಾರೆ ಎರೆಯೋದೇ? ನಮ್ಮ ಮನೆತನ ಏನಾಗ್ಬೇಕು?"

ಇಬ್ಬರೂ ಸಾಧುಗಳು. ಇಬ್ಬರ ಮರ್ಯಾದೆಯೂ ಬಂಡೆಗಲ್ಲು. ಹತ್ತು ಹೊಡೆಯಿತು. ಹತ್ತೂ ಐದಾಯಿತು. ಮಂಟಪದಿಂದ ಪುರೋಹಿತರು ಕೂಗಿದರು. ವಧು ಮೇಧಾ ತಟ್ಟೆಯ ಅಕ್ಕಿಯ ಮೇಲೆ ಬೆರಳಾಡಿಸುತ್ತ ಸೋದರತ್ತೆ ವತ್ಸಲಾಳ ಮುಖ ನೋಡಿದಳು.

"ರಂಗಾ, ಮುಹೂರ್ತ ಓಡ್ತಿದೆ ಕಣೋ!"

"ನಾನೇನು ಮಾಡ್ಲಿ ಅಕ್ಕಾ, ಬೀಗರು ತಿಂತಿಲ್ಲ!"

ಹತ್ತೂ ಹತ್ತಕ್ಕೆ ಬಿಡಿಸಪ್ಪ ಗುರ್ರೆಂದಿತು.

"ದಯವಿಟ್ಟು ಗಮನಿಸಿ. ಭಾರೀ ಕಗ್ಗಂಟು ಪತ್ತೆಯಾಗಿದೆ. ವಧುವಿನ ತಂದೆ: ಹತ್ತು ತಿಂಗಳ ಕೆಲಸ. ವರನ ತಂದೆ: ನಾಲ್ಕು ತಿಂಗಳ ಕೆಲಸ. ಇವರಿಗಾಗಿ ಕಾಯುತ್ತಿರುವ ವರ: ಬಂದು ಕೂತಿದ್ದಷ್ಟೇ ಕೆಲಸ. ವರನನ್ನು ಹಿಂದಕ್ಕೆ ಕಳುಹಿಸಲಾಗುವುದು."

"ಅಯ್ಯೋ!" ಎಂದಳು ವತ್ಸಲಾ.

ಉಕ್ಕಿನ ಕೈ ಸುಹಾಸನ ಹಾರ ತೆಗೆಯಿತು. ಪೇಟ ತೆಗೆಯಿತು. ಮಾಡಿದ್ದನ್ನೆಲ್ಲ ಒಂದೊಂದಾಗಿ, ಕೊನೆಯಿಂದ ಮೊದಲಿಗೆ, ಅಳಿಸುತ್ತ ಹೋಗಿ, ಮಾವ ಇನ್ನೂ ತಡೆಯದಿದ್ದ ಗಳಿಗೆಗೆ ಬಂದು ನಿಂತಿತು. ಅವನ ಕೈಗೆ ಕೊಡೆ ಕೊಟ್ಟಿತು.

"ಪ್ರಯಾಣ: ಕಾಶಿ."

ಪೀಠ ಮೆಟ್ಟಿಲಿಳಿದು, ಗೇಟು ದಾಟಿ, ಎಡಕ್ಕೆ ತಿರುಗಿ ಮುಖ್ಯರಸ್ತೆ ಹಿಡಿಯಿತು!

"ಅಪ್ಪಾ! ನನಗೆ ಕಾಶಿ ಬೇಡಪ್ಪಾ!" ಕೊಡೆ ಬಿಚ್ಚಿಕೊಂಡು ಸುಹಾಸ ಕೂಗಿದ.

ಚಕ್ರಪಾಣಿಯವರು ಎಲೆ ದಾಟಿ ಓಡಿದರು. ರಂಗಸ್ವಾಮಿ ಮಡಿಪಂಚೆ ಎತ್ತಿ ಕಟ್ಟಿ ಓಡಿದ. ಹಿಂದೆ ಓಲಗದವರು, ನುಡಿಸುತ್ತಲೇ ಓಡಿದರು. ನಿಲ್ಲಿಸಿ ಎಂದು ಯಾರೂ ಹೇಳಿರಲಿಲ್ಲ. ವತ್ಸಲಾ ಸ್ಕೂಟರ್ ಹತ್ತಿದಳು. ಹಿಂದೆ ಕೂತ ಗೋಪಿನಾಥ ಟ್ರೇಸ್ ಫೈಲಿನ ಸುರುಳಿ ಬಿಚ್ಚಿ ಓದುತ್ತಿದ್ದ, ಅದರ ಬಾಲ ಹತ್ತು ಅಡಿ ಗಾಳಿಯಲ್ಲಿ ಹಾರುತ್ತಿತ್ತು.

"ಸಿಕ್ತು! ಮಾವ ಮತ್ತೆ 'ಬನ್ನಿ' ಅಂತ ಕರೆದ್ರೆ ಪೀಠ ತಿರುಗುತ್ತೆ! ಆದ್ರೆ ಕಗ್ಗಂಟು ಹಾಗೇ ಇದ್ರೆ ಮತ್ತೆ ಹೊರಡುತ್ತೆ. ಇಬ್ಬರೂ ಒಂದೇ ಕ್ಷಣಕ್ಕೆ ಬಾಯಿಗೆ ಏನಾದ್ರೂ ಹಾಕ್ಕೋಬೇಕು!"

ಮುಂದಿನ ವೃತ್ತದಲ್ಲಿ ಕೆಂಪು ದೀಪ ಕಂಡು ಪೀಠ ನಿಂತಿತು. ನಿಯಮ ಮೀರುವ ಯಂತ್ರವಲ್ಲ ಅದು. ಬೀಗರಿಬ್ಬರೂ ಏದುಸಿರು ಬಿಡುತ್ತ ಬಂದು ಪಕ್ಕದ ಎಳನೀರು ಗಾಡಿಗೆ ಒರಗಿದರು.

"ಎರಡು ಕೆತ್ತಪ್ಪಾ, ಬೇಗ!" ವತ್ಸಲಾ ಗಾಡಿಯವನಿಗೆ ಹೇಳಿ ಇಬ್ಬರ ಕೈಗೂ ಒಂದೊಂದು ಇಟ್ಟಳು. "ಎಳನೀರಿಂದ ಉಪವಾಸ ಕೆಡಲ್ಲ, ರಂಗ. ಪುರೋಹಿತರೇ ಹೇಳ್ತಿರ್ತಾರೆ. ಒಂದು, ಎರಡು, ಮೂರು, ಕುಡೀರಿ!"

ಇಬ್ಬರೂ ಒಟ್ಟಿಗೆ ಗಟಗಟ ಕುಡಿದರು. ಮರ್ಯಾದೆ ಇಬ್ಬರದೂ ಉಳಿಯಿತು. ರಂಗಸ್ವಾಮಿ ರಸ್ತೆ ಮಧ್ಯೆ ಕೈ ಮುಗಿದು, "ಕಾಶಿಗೆ ಹೋಗ್ಬೇಡಿ ಅಳಿಯಂದಿರೇ, ನನ್ನ ಮಗಳನ್ನ ಕೊಡ್ತೀನಿ, ಬನ್ನಿ!" ಎಂದ. ಬಸ್ಸಿನ ಕಿಟಕಿಗಳಿಂದ ಜನ ಚಪ್ಪಾಳೆ ತಟ್ಟಿದರು. ದೀಪ ಹಸಿರಾಯಿತು. ಪೀಠ ತಿರುಗಿ ಮಂಟಪದತ್ತ ಓಡಿತು.

ಹತ್ತೂ ಮೂವತ್ತೇಳಕ್ಕೆ ಧಾರೆ. ಮಾಂಗಲ್ಯ ಬಿಗಿದಾಗ ಮುಹೂರ್ತ ಮುಗಿಯಲು ಇನ್ನೂ ಒಂದು ನಿಮಿಷವಿತ್ತು. ಅಕ್ಷತೆಯ ಮಳೆಯಲ್ಲಿ ಮೇಧಾ ನಕ್ಕಳು, ವತ್ಸಲಾ ಅತ್ತಳು. ಹಾಸಿಗೆಯಲ್ಲಿದ್ದ ಚಿಕ್ಕಪ್ಪ ಅಲ್ಲಿಂದಲೇ ಅಕ್ಷತೆ ಎರಚಿದರು.

ಮಧ್ಯಾಹ್ನ ಮೂರಕ್ಕೆ, ಕೊನೆಯ ಪಂಕ್ತಿಯೂ ಎದ್ದ ಮೇಲೆ, ಗೋಪಿನಾಥ ಎಲೆಯ ಮುಂದೆ ಕೂತ. ವತ್ಸಲಾ ಹೋಳಿಗೆಯ ತಟ್ಟೆ ಹಿಡಿದು ನಿಂತಳು.

"ಮೊದಲು ಆ ಯಂತ್ರ ಆರಿಸಿ. ಆಮೇಲೆ ಹೋಳಿಗೆ."

"ಮೊದಲು ಹೋಳಿಗೆ ಬಡಿಸು. ಆಮೇಲೆ ಆರಿಸ್ತೀನಿ."

"ಆರಿಸಿ!"

"ಬಡಿಸು!"

ಮೂಲೆಯಲ್ಲಿ ಗುರ್ರೆಂದಿತು.

"ದಯವಿಟ್ಟು ಗಮನಿಸಿ. ಕಗ್ಗಂಟು ಪತ್ತೆಯಾಗಿದೆ. ವತ್ಸಲಾ: ಬೆಳಗಿನ ಜಾವ ನಾಲ್ಕರಿಂದ ಕೆಲಸ. ಗೋಪಿನಾಥ:" ಎಂದು ಅದು ಬಹಳ ಹೊತ್ತು ಹುಡುಕಿತು. "ದಾಖಲೆ ಇಲ್ಲ."

"ಏಯ್, ನಾನೇ ನಿನ್ನನ್ನ ಮಾಡಿದ್ದು ಕಣೋ!"

ಪೀಠ ಅವನನ್ನು ಎತ್ತಿಕೊಂಡಿತು. ಅವನು ಹೊರಟ ಜಾಗ ಹುಡುಕುತ್ತ ಟ್ರೇಸ್ ಫೈಲು ಹಿಂದಕ್ಕೆ, ಇನ್ನೂ ಹಿಂದಕ್ಕೆ, ಮೂವತ್ತೊಂದು ವರ್ಷ ಹಿಂದಕ್ಕೆ ಸುತ್ತಿತು. ಉಕ್ಕಿನ ಕೈ ಅವನ ಬೆರಳಿನ ಉಂಗುರ ತೆಗೆದು ವತ್ಸಲಾಳ ಮುಂದಿಟ್ಟು, ಅವನ ಕೈಗೆ ಕೊಡೆ ಕೊಟ್ಟಿತು.

"ವತ್ಸಲಾ! ನಿಮ್ಮಪ್ಪ ಈಗಿಲ್ಲ! ನನ್ನನ್ನ ಯಾರೇ ವಾಪಸ್ ಕರೆಯೋದು?" ಗೇಟಿನಿಂದ ದನಿ ಬಂತು.

ರಂಗಸ್ವಾಮಿ ಗಾಬರಿಯಾಗಿ ಎದ್ದ. "ಅಕ್ಕಾ, ನಾನು ಹೋಗಿ ಕರೀಲಾ?"

ವತ್ಸಲಾ ಬೆಳಗಿನಿಂದ ಮೊದಲ ಸಲ ಕೂತಳು. ಹೋಳಿಗೆಗೆ ತುಪ್ಪ ಹಾಕಿಕೊಂಡಳು.

"ಕರೆಯುವಿಯಂತೆ ಕೂತ್ಕೋ. ಊಟ ಆಗ್ಲಿ. ವೃತ್ತದಲ್ಲಿ ಹೇಗೂ ಕೆಂಪು ದೀಪ ಇದೆ."